ಬೇಜಾರಿನ ಲೆಕ್ಕ

ಮೊಬೈಲಿನಿಂದ ವಿದ್ಯಾರ್ಥಿಗಳು ಕೆಟ್ಟರು ಎಂಬ ಮಾತನ್ನು ಕೇಳದೆ ಮೂರು ವರ್ಷಗಳ ಕಾಲೇಜು ವ್ಯಾಸಂಗವನ್ನು ಮುಗಿಸಿದ ಭಾಗ್ಯಶಾಲಿಗಳು ಯಾರೂ ಇರಲಾರರು. ಅಧ್ಯಾಪಕರು ತರಗತಿಯಲ್ಲಿ ಹೇಳುತ್ತಾರೆ. ಮನೆಯಲ್ಲಿ ಹಿರಿಯರು ಊಟದ ಹೊತ್ತಿಗೆ ಹೇಳುತ್ತಾರೆ. ವಾರ್ಷಿಕೋತ್ಸವದ ಅತಿಥಿಗಳು ವೇದಿಕೆಯ ಮೇಲೆ ನಿಂತು ಹೇಳುತ್ತಾರೆ, ಹೇಳಿ ಮುಗಿಸಿ ಕುರ್ಚಿಯಲ್ಲಿ ಕುಳಿತೊಡನೆ ತಮ್ಮ ಮೊಬೈಲನ್ನು ತೆಗೆದು ನೋಡುತ್ತಾರೆ. ಈ ಆರೋಪ ಸುಳ್ಳೆಂದು ವಾದಿಸುವ ಧೈರ್ಯ ನನಗಿಲ್ಲ. ನಾನೂ ಪರೀಕ್ಷೆಯ ಹಿಂದಿನ ರಾತ್ರಿ ಕ್ರಿಕೆಟ್ಟಿನ ತುಣುಕುಗಳನ್ನು ನೋಡುತ್ತ ಕುಳಿತವನೇ. ಆದರೆ ಅದೇ ಯಂತ್ರ ನನ್ನ ಬಾಯಿಗೆ ಒಂದಿಷ್ಟು ಬುದ್ಧಿ ಕಲಿಸಿದ ಸಂಗತಿಯೂ ಉಂಟು. ಅದನ್ನು ಇಲ್ಲಿ ಬರೆಯಹೊರಟಿದ್ದೇನೆ. ಬುದ್ಧಿ ಕಲಿಯಬೇಕಾದರೆ ಮೊದಲು ತಪ್ಪು ಮಾಡಿರಬೇಕಷ್ಟೆ? ಆದುದರಿಂದ ತಪ್ಪಿನಿಂದಲೇ ಆರಂಭಿಸುತ್ತೇನೆ.

ನಮ್ಮ ಮನೆ ಇರುವುದು ಬಂಟ್ವಾಳ ತಾಲೂಕಿನಲ್ಲಿ, ವಗ್ಗದಿಂದ ಒಳಗೆ ಒಂದೂವರೆ ಮೈಲಿ ನಡೆದರೆ ಸಿಕ್ಕುವ ಒಂದು ಗುಡ್ಡದ ಬದಿಯಲ್ಲಿ. ಕಾಲೇಜು ಇರುವುದು ಬೆಳ್ತಂಗಡಿಯ ಕಡೆಗೆ. ಪುಂಜಾಲಕಟ್ಟೆ, ಮಡಂತ್ಯಾರು, ಗುರುವಾಯನಕೆರೆ ದಾಟಿ ಹೋಗುವ ಆ ಬಸ್ಸಿನಲ್ಲಿ ಬೆಳಿಗ್ಗೆ ಸಂಜೆ ಎರಡು ಹೊತ್ತು ನಿಂತೇ ಪ್ರಯಾಣ. "ಪಿರ ಪೋಲೆ, ಪಿರ ಪೋಲೆ" ಎಂದು ಕಂಡಕ್ಟರು ಕೂಗುವಾಗ ಹಿಂದೆ ಹೋಗಲು ಜಾಗ ಇರುವುದಿಲ್ಲ, ಆದರೂ ಹೋಗುತ್ತೇವೆ. ಮಳೆಗಾಲದಲ್ಲಂತೂ ಕೊಡೆಯ ನೀರೆಲ್ಲ ಪಕ್ಕದವನ ಕಾಲಿನ ಮೇಲೆ.

ಮನೆಯಲ್ಲಿ ಅಮ್ಮ ಬೀಡಿ ಕಟ್ಟುತ್ತಾಳೆ. ನಮ್ಮ ಕಡೆಯ ವಾಚಕರಿಗೆ ಇದನ್ನು ವಿವರಿಸಬೇಕಾಗಿಲ್ಲ. ಬಂಟ್ವಾಳ, ಬೆಳ್ತಂಗಡಿ, ಮೂಡುಬಿದಿರೆಯ ಕಡೆಗಳಲ್ಲಿ ಎಷ್ಟೋ ಮನೆಗಳ ಅಕ್ಕಿ, ಸೀಮೆಎಣ್ಣೆ, ಶಾಲೆಯ ಶುಲ್ಕ, ಮದುವೆಯ ಬಂಗಾರ ಈ ಎಲೆಯ ಸುರುಳಿಯಿಂದಲೇ ಹುಟ್ಟಿಬಂದಿದೆ. ನನ್ನ ಕಾಲೇಜಿನ ಶುಲ್ಕವೂ ಅಲ್ಲಿಂದಲೇ, ಕಿಸೆಯಲ್ಲಿರುವ ಮೊಬೈಲೂ ಅಲ್ಲಿಂದಲೇ. ಎಲೆಯನ್ನು ರಾತ್ರಿ ನೆನೆಸಿಡುವುದು, ಬೆಳಿಗ್ಗೆ ಅಳತೆಗೆ ಕತ್ತರಿಸುವುದು, ಹೊಗೆಸೊಪ್ಪನ್ನು ತುಂಬಿ ಸುರುಳಿ ಸುತ್ತುವುದು, ಬಾಯಿ ಮುಚ್ಚಿ ನೂಲು ಹಾಕುವುದು, ಇಪ್ಪತ್ತೈದರ ಕಟ್ಟು ಮಾಡಿ ಬ್ರಾಂಚಿಗೆ ಒಯ್ಯುವುದು. ಮಡಿಲಿನಲ್ಲಿ ತಡ್ಪೆಯಿಟ್ಟುಕೊಂಡು ಕುಳಿತ ಅಮ್ಮನ ಬೆರಳುಗಳು ಅವಳು ನನ್ನೊಡನೆ ಮಾತನಾಡುವಾಗಲೂ ನಿಲ್ಲುವುದಿಲ್ಲ. ಸಣ್ಣವನಿದ್ದಾಗ ನಾನೂ ಅವಳ ಪಕ್ಕದಲ್ಲಿ ಕುಳಿತು ಬೀಡಿ ಎಣಿಸಿ ಕಟ್ಟು ಮಾಡಿ ಕೊಟ್ಟವನು. ಲೆಕ್ಕ ಕಲಿತದ್ದೇ ಹಾಗೆ.

ಜುಲೈ ತಿಂಗಳ ಒಂದು ಸಂಜೆ. ಜೋರು ಮಳೆ. ಬಸ್ಸು ತಡವಾಗಿ, ನಾನು ಮನೆ ಮುಟ್ಟುವಾಗ ಏಳೂವರೆ ಗಂಟೆ. ಅಮ್ಮ ಚಾವಡಿಯಲ್ಲಿ ಕುಳಿತಿದ್ದಳು. ತಲೆಯೆತ್ತಿ, "ಯಾಕೆ ತಡ?" ಎಂದು ಕೇಳಿದಳು. ಎರಡೇ ಶಬ್ದ. ನಾನು ಚೀಲವನ್ನು ಎಸೆದು, "ಎಲ್ಲ ನಿನಗೆ ಹೇಳಬೇಕಾ? ಬೀಡಿ ಕಟ್ಟುವುದು ಬಿಟ್ಟರೆ ನಿನಗೆ ಬೇರೆ ಎಂತ ಗೊತ್ತುಂಟು?" ಎಂದುಬಿಟ್ಟೆನು.

ಅವಳು ಉತ್ತರ ಕೊಡಲಿಲ್ಲ. ಕತ್ತರಿಯ ಸದ್ದು ಒಂದು ಕ್ಷಣ ನಿಂತಿತು, ಮತ್ತೆ ಮೊದಲಾಯಿತು. ಸ್ವಲ್ಪ ಹೊತ್ತಿನ ಮೇಲೆ ಎದ್ದು ಬಂದು ಗಂಜಿ ಬಡಿಸಿದಳು, ಉಪ್ಪಿನಕಾಯಿ ಹಾಕಿದಳು. ಮರುದಿನ ಬೆಳಿಗ್ಗೆ ಬುತ್ತಿಯನ್ನೂ ಕಟ್ಟಿಕೊಟ್ಟಳು. ಎಲ್ಲವೂ ಎಂದಿನಂತೆಯೇ ಇತ್ತು, ಒಂದನ್ನು ಬಿಟ್ಟು. ಆ ದಿನದಿಂದ ಅವಳು "ಯಾಕೆ ತಡ?" ಎಂದು ಕೇಳುವುದನ್ನು ನಿಲ್ಲಿಸಿದಳು. ಆರು ಗಂಟೆಗೆ ಬಂದರೂ ಇಲ್ಲ, ಎಂಟು ಗಂಟೆಗೆ ಬಂದರೂ ಇಲ್ಲ. ಮೊದಲ ವಾರ ಅದು ನನಗೊಂದು ಸ್ವಾತಂತ್ರ್ಯದಂತೆ ಕಂಡಿತು. ಎರಡನೆಯ ವಾರ ಏನೋ ಕಡಿಮೆಯಾದಂತೆ ತೋರಿತು. ತಿಂಗಳಾದ ಮೇಲೆ ಮನೆಯ ಅಂಗಳಕ್ಕೆ ಕಾಲಿಡುವಾಗ ಪ್ರತಿದಿನವೂ ಆ ಎರಡು ಶಬ್ದಗಳಿಗಾಗಿ ಕಿವಿ ಕಾಯತೊಡಗಿತು. ಕ್ಷಮೆ ಕೇಳಬಹುದಿತ್ತಲ್ಲ ಎನ್ನುವಿರಿ. ನಮ್ಮ ಮನೆಗಳಲ್ಲಿ ಮಕ್ಕಳು ತಾಯಿಯೊಡನೆ "ಕ್ಷಮಿಸು" ಎನ್ನುವುದು ನಾಟಕದ ಮಾತಿನಂತೆ ಕೇಳಿಸುತ್ತದೆ. ಶಬ್ದ ಸಿಕ್ಕಲಿಲ್ಲ, ಸಿಕ್ಕದೆ ದಿನಗಳು ಹೋದವು.

ಅಕ್ಟೋಬರ್ 2ರಂದು ಕಾಲೇಜಿನಲ್ಲಿ ಗಾಂಧಿ ಜಯಂತಿ ನಡೆಯಿತು. ಆ ದಿನವನ್ನು ವಿಶ್ವಸಂಸ್ಥೆ 2007ರಲ್ಲಿ ಅಂತರರಾಷ್ಟ್ರೀಯ ಅಹಿಂಸಾ ದಿನವೆಂದು ಸಾರಿತೆಂಬುದು ತಮಗೆಲ್ಲ ತಿಳಿದದ್ದೇ. ಭಾಷಣಗಳು ಮುಗಿದು ಸಿಹಿ ಹಂಚುವುದೊಂದೇ ಬಾಕಿ ಎಂದು ನಾವು ನೋಡುತ್ತಿರುವಾಗ ನಮ್ಮ ಅಧ್ಯಾಪಕರೊಬ್ಬರು ಎದ್ದು ನಿಂತು, "ಕೋಲು ಹಿಡಿಯದ ಮಾತ್ರಕ್ಕೆ ನಾವು ಅಹಿಂಸಾವಾದಿಗಳಾಗುವುದಿಲ್ಲ. ಇಂದು ಬೆಳಿಗ್ಗೆಯಿಂದ ನಾಲಗೆಯಲ್ಲಿ ಯಾರನ್ನು ಹೊಡೆದೆವು ಎಂದು ಎಲ್ಲರೂ ಒಮ್ಮೆ ಎಣಿಸಿ ನೋಡಿ" ಎಂದರು. ಸಭೆ ನಕ್ಕಿತು. ನಾನು ನಗಲಿಲ್ಲ.

ಅವರು ಅಂದು ಹೇಳಿದ್ದು ಮಾರ್ಷಲ್ ರೋಸೆನ್‌ಬರ್ಗ್ ಎಂಬ ಅಮೆರಿಕದ ಮನಶ್ಶಾಸ್ತ್ರಜ್ಞರ ವಿಷಯ. ಅವರು ಹುಟ್ಟಿದ್ದು 1934ರಲ್ಲಿ, ತೀರಿಹೋದದ್ದು 2015ರಲ್ಲಿ. ಬಾಲ್ಯದಲ್ಲಿ ಅವರ ಕುಟುಂಬ ಡೆಟ್ರಾಯಿಟ್ ನಗರಕ್ಕೆ ಬಂದ ಹೊಸತರಲ್ಲೇ, 1943ರಲ್ಲಿ, ಅಲ್ಲಿ ಬಿಳಿಯರಿಗೂ ಕರಿಯರಿಗೂ ಘೋರವಾದ ದೊಂಬಿ ನಡೆಯಿತು. ಶಾಲೆಗೆ ಹೋದರೆ ಯಹೂದಿ ಹೆಸರಿನವನೆಂಬ ಕಾರಣಕ್ಕೆ ಹುಡುಗರು ಹೊಡೆದರು. ಮನುಷ್ಯರು ಏಕೆ ಹೀಗೆ ಒಬ್ಬರನ್ನೊಬ್ಬರು ನೋಯಿಸುತ್ತಾರೆ, ಕೆಲವರು ಮಾತ್ರ ಕಷ್ಟಕಾಲದಲ್ಲೂ ಏಕೆ ನೋಯಿಸುವುದಿಲ್ಲ ಎಂಬ ಪ್ರಶ್ನೆ ಅಂದಿನಿಂದ ಅವರನ್ನು ಹಿಡಿಯಿತು. ಮುಂದೆ ಕಾರ್ಲ್ ರೋಜರ್ಸ್ ಅವರ ಬಳಿ ಕಲಿತು, 1960ರ ದಶಕದಲ್ಲಿ ಅವರು ರೂಪಿಸಿದ ಕ್ರಮಕ್ಕೆ ಅಹಿಂಸಾತ್ಮಕ ಸಂವಹನ ಎಂದು ಹೆಸರು. ಗಾಂಧೀಜಿಯವರು ಬಳಸಿದ ಅರ್ಥದಲ್ಲಿಯೇ ಅಹಿಂಸೆ ಎಂಬ ಮಾತನ್ನು ತೆಗೆದುಕೊಂಡಿರುವುದಾಗಿ ಅವರೇ ಬರೆದಿದ್ದಾರೆ.

ಕ್ರಮವೇನೋ ಸರಳ, ನಾಲ್ಕೇ ಮೆಟ್ಟಿಲು. ಮೊದಲನೆಯದು, ನಡೆದದ್ದನ್ನು ನಡೆದಂತೆ ಹೇಳುವುದು, ಅದಕ್ಕೆ ನಮ್ಮ ತೀರ್ಪನ್ನು ಬೆರೆಸದಿರುವುದು. ಎರಡನೆಯದು, ಅದರಿಂದ ನಮ್ಮ ಮನಸ್ಸಿಗೆ ಏನಾಯಿತೆಂದು ಹೇಳುವುದು. ಮೂರನೆಯದು, ಆ ಭಾವನೆಯ ಹಿಂದೆ ನಮಗೆ ಏನು ಬೇಕಾಗಿತ್ತೆಂದು ಕಂಡುಕೊಳ್ಳುವುದು. ನಾಲ್ಕನೆಯದು, ಅದನ್ನು ಅಪ್ಪಣೆಯಂತೆ ಹೇಳದೆ, ಇಲ್ಲವೆನ್ನಲು ಅವಕಾಶವಿರುವ ಕೋರಿಕೆಯಾಗಿ ಕೇಳುವುದು. ಹೀಗೆ ಮಾತನಾಡುವುದಕ್ಕೆ ರೋಸೆನ್‌ಬರ್ಗ್ ಜಿರಾಫೆಯ ಭಾಷೆ ಎಂದೂ, ತಪ್ಪು ಹುಡುಕುವ ಮಾತಿಗೆ ನರಿಯ ಭಾಷೆ ಎಂದೂ ಹೆಸರಿಟ್ಟಿದ್ದರು. ನೆಲದ ಮೇಲಿನ ಪ್ರಾಣಿಗಳಲ್ಲಿ ಜಿರಾಫೆಯ ಹೃದಯ ಬಹಳ ದೊಡ್ಡದಂತೆ. ನಮ್ಮ ಗುಡ್ಡದಲ್ಲಿ ಜಿರಾಫೆ ಇಲ್ಲ. ನರಿಯ ಕೂಗು ಮಾತ್ರ ಎಳವೆಯಿಂದಲೂ ಕೇಳಿ ಅಭ್ಯಾಸವಿತ್ತು.

ಅಧ್ಯಾಪಕರು ಕೊನೆಗೆ, ಇದನ್ನು ದಿನವೂ ಅಭ್ಯಾಸ ಮಾಡಬೇಕು, ಅದಕ್ಕೂ ಮೊಬೈಲಿನಲ್ಲಿ ಆ್ಯಪುಗಳಿವೆ ಎಂದರು. ಮೊಬೈಲನ್ನು ಅಧ್ಯಾಪಕರೇ ಶಿಫಾರಸು ಮಾಡಿದ ಆ ದಿವಸವನ್ನು ನಮ್ಮ ತರಗತಿ ಇನ್ನೂ ಮರೆತಿಲ್ಲ.

ನಾನು ಇಳಿಸಿಕೊಂಡದ್ದು "ಹೌ ವಿ ಫೀಲ್" ಎಂಬುದನ್ನು. ಯೇಲ್ ವಿಶ್ವವಿದ್ಯಾಲಯದ ಮಾರ್ಕ್ ಬ್ರಾಕೆಟ್ ಎಂಬ ಮನಶ್ಶಾಸ್ತ್ರಜ್ಞರ ನೆರವಿನಿಂದ, ಲಾಭದ ಉದ್ದೇಶವಿಲ್ಲದ ಸಂಸ್ಥೆಯೊಂದು 2022ರಲ್ಲಿ ಹೊರತಂದದ್ದು; ಹಣ ಕೊಡಬೇಕಾಗಿಲ್ಲ. ತೆರೆದರೆ, "ಈಗ ಹೇಗಿದ್ದೀರಿ?" ಎಂಬ ಪ್ರಶ್ನೆ. ಅದರ ಕೆಳಗೆ ನಾಲ್ಕು ಬಣ್ಣ. ಹುರುಪು ಹೆಚ್ಚು, ಹಿತವಿಲ್ಲ ಎಂದರೆ ಕೆಂಪು. ಹುರುಪೂ ಇದೆ, ಹಿತವೂ ಇದೆ ಎಂದರೆ ಹಳದಿ. ಎರಡೂ ಇಲ್ಲವಾದರೆ ನೀಲಿ. ಹುರುಪು ಕಡಿಮೆ, ಆದರೆ ಹಿತವಾಗಿದೆ ಎಂದರೆ ಹಸಿರು. ಬಣ್ಣವನ್ನು ಮುಟ್ಟಿದರೆ ಆ ಬಣ್ಣದ ಭಾವಗಳ ಹೆಸರುಗಳು ಗುಳ್ಳೆಗಳಂತೆ ಎದ್ದುಬರುತ್ತವೆ. ಅವುಗಳಲ್ಲಿ ನಮ್ಮದನ್ನು ಆರಿಸಿ, ಎಲ್ಲಿದ್ದೆವು, ಯಾರೊಡನಿದ್ದೆವು, ಏನು ಮಾಡುತ್ತಿದ್ದೆವು ಎಂದು ಬರೆದಿಡಬೇಕು. ನಾಲ್ಕು ದಿನ ಬರೆದರೆ ದಿನಚರಿ. ನಾಲ್ಕು ವಾರ ಬರೆದರೆ ಮನಸ್ಸಿನ ಜಮಾಖರ್ಚು.

ಆರಂಭದಲ್ಲಿಯೇ ಒಂದು ಪೇಚು ಬಂದಿತು. ಆ್ಯಪಿನಲ್ಲಿ ಭಾವಗಳಿಗೆ ನೂರಕ್ಕೂ ಮಿಕ್ಕ ಹೆಸರುಗಳಿದ್ದುವು, ಎಲ್ಲವೂ ಇಂಗ್ಲಿಷಿನಲ್ಲಿ. ನನ್ನ ಬಳಿಯಲ್ಲಿದ್ದುದು ಒಂದೇ ಹೆಸರು: ಬೇಜಾರು. ಸ್ವಲ್ಪ ಯೋಚಿಸಿ ನೋಡಿ. ಅಂಕ ಕಡಿಮೆ ಬಂದರೆ ನಮಗೆ ಬೇಜಾರು. ಸ್ನೇಹಿತ ಮದುವೆಗೆ ಕರೆಯದಿದ್ದರೆ ಬೇಜಾರು. ಅಜ್ಜ ತೀರಿಹೋದರೆ ಬೇಜಾರು, ಅರ್ಥಶಾಸ್ತ್ರದ ತರಗತಿ ಉದ್ದವಾದರೂ ಬೇಜಾರು. ದುಃಖ, ಸಿಟ್ಟು, ಆಯಾಸ, ನಿರಾಶೆ, ಏಕಾಂತ ಎಲ್ಲವನ್ನೂ ಒಂದೇ ಗೋಣಿಯಲ್ಲಿ ತುಂಬಿ ಬಾಯಿ ಹೊಲಿದು ಅದಕ್ಕೆ ಬೇಜಾರು ಎಂದು ಚೀಟಿ ಅಂಟಿಸಿದ್ದೇವೆ. ಗೋಣಿಯೊಳಗೆ ಏನಿದೆಯೆಂದು ಹೊತ್ತವನಿಗೂ ತಿಳಿಯದು.

ಹಾಗೆಂದು ನಮ್ಮ ಭಾಷೆಯೇನೂ ಬಡವಾದುದಲ್ಲ. ಒಂದು ಸಂಜೆ ಬಸ್ಸಿನಲ್ಲಿ ನಿಂತು, ಆ ಇಂಗ್ಲಿಷು ಗುಳ್ಳೆಗಳಿಗೆ ಕನ್ನಡದ ಹೆಸರು ಹುಡುಕುತ್ತ ಹೋದೆನು. ಸಿಟ್ಟು, ಮುನಿಸು, ಹುಸಿಮುನಿಸು, ಕಸಿವಿಸಿ, ಮುಜುಗರ, ಅಳುಕು, ದಿಗಿಲು, ಕೊರಗು, ಅಳಲು, ಹಳಹಳಿ, ಹೊಟ್ಟೆಕಿಚ್ಚು, ಬಿಗುಮಾನ. ಮಡಂತ್ಯಾರಿನಿಂದ ಪುಂಜಾಲಕಟ್ಟೆಗೆ ಬರುವುದರೊಳಗೆ ಇಪ್ಪತ್ತು ದಾಟಿತು. ಭರತನ ಕಾಲದಿಂದ ರಸಗಳನ್ನು ಎಣಿಸಿದ ನಾಡು ನಮ್ಮದು; ಯಕ್ಷಗಾನದ ಅರ್ಥಧಾರಿ ಒಂದೇ ಪದ್ಯದ ದುಃಖವನ್ನು ಅರ್ಧ ಗಂಟೆ ಬಿಡಿಸಿ ಬಿಡಿಸಿ ತೋರಿಸಬಲ್ಲ. ತಾಳಮದ್ದಳೆಯಲ್ಲಿ ಕೇಳಿ ಆನಂದಿಸುವ ನಾವು ಮನೆಗೆ ಬಂದು ಬೇಜಾರು ಎಂಬಲ್ಲಿಗೆ ಮುಗಿಸಿಬಿಡುತ್ತೇವೆ.

ಹೆಸರಿಟ್ಟ ಮಾತ್ರಕ್ಕೆ ಏನಾಗುತ್ತದೆ ಎಂದು ಕೇಳಬಹುದು. ನಾನೂ ಕೇಳಿದೆನು. ಕ್ಯಾಲಿಫೋರ್ನಿಯಾದ ಮ್ಯಾಥ್ಯೂ ಲೀಬರ್‌ಮನ್ ಮತ್ತು ಅವರ ಸಂಗಡಿಗರು 2007ರಲ್ಲಿ ಪ್ರಕಟಿಸಿದ ಒಂದು ಪ್ರಯೋಗದ ವಿಷಯವನ್ನು ಅಧ್ಯಾಪಕರು ತಿಳಿಸಿದರು. ಸಿಟ್ಟಿನ, ಭಯದ ಮುಖಗಳ ಚಿತ್ರಗಳನ್ನು ತೋರಿಸಿ, ಆ ಭಾವಕ್ಕೆ ಹೆಸರು ಕೊಡಲು ಹೇಳಿದಾಗ, ಮೆದುಳಿನಲ್ಲಿ ಅಪಾಯದ ಗಂಟೆ ಬಾರಿಸುವ ಅಮಿಗ್ಡಲಾ ಎಂಬ ಭಾಗದ ಚಟುವಟಿಕೆ ಕಡಿಮೆಯಾದುದು ಕಂಡುಬಂತಂತೆ. ಕತ್ತಲೆಯಲ್ಲಿ ಹಗ್ಗವನ್ನು ಹಾವೆಂದು ಹೆದರಿದವನಿಗೆ ದೀಪ ಸಿಕ್ಕಿದಂತೆ ಎಂದುಕೊಂಡೆನು. ನಿಜವಾದ ಹಾವೇ ಆಗಿದ್ದರೂ ಯಾವ ಹಾವೆಂದು ತಿಳಿದರೆ ಒಳ್ಳೆಯದಷ್ಟೆ?

ಇಷ್ಟು ಪಾಂಡಿತ್ಯ ಬಂದ ಮೇಲೆ ಸುಮ್ಮನಿರಲಾದೀತೇ? ಒಂದು ಭಾನುವಾರ ಅಮ್ಮನ ಮುಂದೆ ಕುಳಿತು ನಾಲ್ಕು ಮೆಟ್ಟಿಲುಗಳನ್ನೂ ಪರೀಕ್ಷೆಯ ಉತ್ತರದಂತೆ ಒಪ್ಪಿಸಿದೆನು. "ಅಮ್ಮಾ, ನಾನು ಬಂದಾಗ ನೀನು ಮಾತನಾಡದೆ ಇರುವುದನ್ನು ನಾನು ಗಮನಿಸಿದ್ದೇನೆ. ಆಗ ನನಗೆ ಒಂಟಿತನ ಅನಿಸುತ್ತದೆ. ಏಕೆಂದರೆ ನನಗೆ ಆತ್ಮೀಯತೆಯ ಅವಶ್ಯಕತೆ ಇದೆ. ಆದ್ದರಿಂದ..." ನಾಲ್ಕನೆಯ ಮೆಟ್ಟಿಲನ್ನು ಹತ್ತಲು ಅವಳು ಬಿಡಲಿಲ್ಲ. ಹೊಗೆಸೊಪ್ಪಿನ ಕೈಯನ್ನು ಸೆರಗಿಗೆ ಒರಸಿ ನನ್ನ ಹಣೆಯನ್ನು ಮುಟ್ಟಿ ನೋಡಿ, "ಜ್ವರ ಇಲ್ಲ. ನಿದ್ದೆ ಸಾಕಾಗಲಿಲ್ಲವೋ ಏನೋ, ಮಲಗು ಮಗಾ" ಎಂದಳು. ಆ ದಿನ ಆ್ಯಪಿನಲ್ಲಿ ನಾನು ಬರೆದ ಶಬ್ದ ಮುಜುಗರ. ಮನೆಯಲ್ಲಿ ನಾವು ತುಳು ಮಾತನಾಡುವವರು. ಪುಸ್ತಕದ ಕನ್ನಡದಲ್ಲಿ, ಅದೂ ಇಂಗ್ಲಿಷಿನಿಂದ ಬಂದ ಕನ್ನಡದಲ್ಲಿ, ತಾಯಿಯೊಡನೆ ಮಾತನಾಡಹೋದರೆ ಅವಳಿಗೆ ಮಗನ ಆರೋಗ್ಯದ ಚಿಂತೆಯಾಗುವುದು ಸಹಜವೇ.

ಆಮೇಲೆ ಕೆಲವು ದಿನ "ವೈಸಾ" ಎಂಬ ಇನ್ನೊಂದು ಆ್ಯಪನ್ನೂ ನೋಡಿದೆನು. ಬೆಂಗಳೂರಿನಲ್ಲಿ ಹುಟ್ಟಿದ್ದು, ಪೆಂಗ್ವಿನ್ ಹಕ್ಕಿಯೊಂದು ನಮ್ಮ ಮಾತಿಗೆ ಮಾತು ಕೊಡುತ್ತದೆ. ನಡುರಾತ್ರಿಯಲ್ಲೂ ಬೇಸರಿಸದೆ ಕೇಳುತ್ತದೆ, ಒಮ್ಮೆಯೂ ಗದರುವುದಿಲ್ಲ. ಆದರೆ ಅದಕ್ಕೆ ನಾನು ಏನಂದರೂ ನೋವಾಗುವುದಿಲ್ಲ. ನೋವಾಗದವರೊಡನೆ ಅಹಿಂಸೆಯ ಅಭ್ಯಾಸ ಮಾಡುವುದು ನೀರಿಲ್ಲದ ಕೆರೆಯಲ್ಲಿ ಈಜು ಕಲಿತಂತೆ. ಕೈಕಾಲು ಆಡಿಸುವ ಕ್ರಮ ತಿಳಿದೀತು, ಮುಂದಿನದಕ್ಕೆ ನೇತ್ರಾವತಿಗೇ ಇಳಿಯಬೇಕು. ಇನ್ನೊಂದು ಮಾತನ್ನೂ ಗೆಳೆಯರಿಗೆ ಹೇಳಬೇಕು. ಇಂತಹ ಯಾವ ಆ್ಯಪಿಗೇ ಆಗಲಿ ಮನಸ್ಸಿನ ಗುಟ್ಟನ್ನು ಒಪ್ಪಿಸುವ ಮುನ್ನ ಅದು ನಮ್ಮ ಬರಹವನ್ನು ಎಲ್ಲಿ ಇಡುತ್ತದೆ, ಯಾರಿಗೆ ಕೊಡುತ್ತದೆ ಎಂಬುದನ್ನು ಓದಿ ನೋಡುವುದು ಲೇಸು. ಬದುಕೇ ಬೇಡವೆನ್ನುವಷ್ಟು ಭಾರ ಮನಸ್ಸಿನಲ್ಲಿದ್ದವರಿಗೆ ಆ್ಯಪು ಸಾಲದು, ಮನುಷ್ಯರೇ ಬೇಕು. ಸರಕಾರದ ಟೆಲಿ ಮಾನಸ್ ಎಂಬ ಉಚಿತ ಸಹಾಯವಾಣಿ 2022ರ ಅಕ್ಟೋಬರ್ 10ರಿಂದ ನಡೆಯುತ್ತಿದೆ. 14416 ಎಂಬ ಸಂಖ್ಯೆಗೆ ಹಗಲಿರುಳು ಯಾವಾಗಲೂ ಕರೆ ಮಾಡಬಹುದು, ಕನ್ನಡದಲ್ಲಿಯೇ ಮಾತನಾಡಬಹುದು. ಬೆಂಗಳೂರಿನ ನಿಮ್ಹಾನ್ಸ್ ಸಂಸ್ಥೆ ಅದರ ಬೆನ್ನಿಗಿದೆ.

ದೀಪಾವಳಿಯ ರಜೆಯಲ್ಲಿ ಅಕ್ಕನ ಮನೆಗೆ ಮೂಡುಬಿದಿರೆಗೆ ಹೋದೆನು. ಭಾವನ ಸ್ನೇಹಿತರೊಬ್ಬರು, ಜೈನರು, ನನ್ನನ್ನು ಸಾವಿರ ಕಂಬದ ಬಸದಿಗೆ ಕರೆದೊಯ್ದರು. 1430ರಲ್ಲಿ ಕಟ್ಟಿದ ಆ ಬಸದಿಯ ಕಂಬಗಳ ನಡುವೆ ನಿಂತಾಗ ನನ್ನ ಕಿಸೆಯೊಳಗಿನ ಮೊಬೈಲು "ಈಗ ಹೇಗಿದ್ದೀರಿ?" ಎಂದು ಸದ್ದು ಮಾಡಿತು. ನಾಚಿಕೆಯಿಂದ ಅದನ್ನು ಒತ್ತಿಹಿಡಿದು, ಇದು ಇಂತಹದೊಂದು ಅಭ್ಯಾಸವೆಂದು ವಿವರಿಸಿದೆನು. ಅವರು ನಗಲಿಲ್ಲ. "ನಮ್ಮಲ್ಲಿ ಇದಕ್ಕೆ ಪ್ರತಿಕ್ರಮಣ ಎನ್ನುತ್ತೇವೆ" ಎಂದರು.

ಜೈನ ಮುನಿಗಳು ಪಾಲಿಸಬೇಕಾದ ಐದು ಸಮಿತಿಗಳಲ್ಲಿ, ಎಂದರೆ ಐದು ಎಚ್ಚರಿಕೆಗಳಲ್ಲಿ, ಒಂದು ಭಾಷಾ ಸಮಿತಿಯಂತೆ. ನೆಲ ನೋಡಿ ಹೆಜ್ಜೆಯಿಡುವುದು ಈರ್ಯಾ ಸಮಿತಿ. ಹಾಗೆಯೇ ಮಾತಿನ ಕೆಳಗೆ ಯಾರು ಸಿಕ್ಕಿಬೀಳುತ್ತಾರೆಂದು ನೋಡಿ ಹಿತವಾಗಿ ಮಿತವಾಗಿ ಆಡುವುದು ಭಾಷಾ ಸಮಿತಿ. ಇರುವೆಯನ್ನು ಮೆಟ್ಟದಂತೆ ನಡೆಯುವವರ ವಿಷಯ ನಾನು ಕೇಳಿದ್ದೆನು. ಅಷ್ಟೇ ಜಾಗರೂಕತೆ ನಾಲಗೆಗೂ ಉಂಟೆಂಬುದನ್ನು ಕೇಳಿರಲಿಲ್ಲ. ಪ್ರತಿಕ್ರಮಣವೆಂದರೆ ಆದ ದೋಷಗಳನ್ನು ನೆನೆದು, ಹೆಸರಿಟ್ಟು ಒಪ್ಪಿಕೊಂಡು ಹಿಂದಕ್ಕೆ ಬರುವುದು. ದಶಲಕ್ಷಣ ಪರ್ವ ಮುಗಿದ ಮೇಲೆ ಕ್ಷಮಾವಣಿಯ ದಿನ ಎಲ್ಲರೂ ಒಬ್ಬರಿಂದೊಬ್ಬರು ಕ್ಷಮೆ ಕೇಳುತ್ತಾರೆ. ಹಿರಿಯರೂ ಕಿರಿಯರ ಬಳಿ ಕೇಳುತ್ತಾರೆ.

"ನಿಮ್ಮ ಮೊಬೈಲು ಕೊನೆಗೆ ಎಲ್ಲಿಗೆ ಕಳುಹಿಸುತ್ತದೆ?" ಎಂದು ಅವರು ಕೇಳಿದರು.

"ಎಲ್ಲಿಗೂ ಇಲ್ಲ. ಲೆಕ್ಕ ಬರೆದಿಡುತ್ತದೆ" ಎಂದೆನು.

"ಲೆಕ್ಕ ಬರೆದರೆ ಸಾಲ ತೀರುತ್ತದೆಯೇ?" ಎಂದು ಕೇಳಿ ಅವರು ಚಪ್ಪಲಿ ಹಾಕಿಕೊಂಡರು.

ವೇಣೂರಿನ ದಾರಿಯಾಗಿ ಬಸ್ಸಿನಲ್ಲಿ ಹಿಂದಿರುಗುವಾಗ ಈ ಮಾತು ಬಿಡದೆ ಕಾಡಿತು. ಕಿಟಕಿಯ ಬಳಿ ಅಪರೂಪಕ್ಕೆ ಜಾಗ ಸಿಕ್ಕಿತ್ತು. ಒಂದು ತಿಂಗಳ ಲೆಕ್ಕವನ್ನು ತೆರೆದು ನೋಡಿದೆನು. ಕೆಂಪು ಬಣ್ಣ ಬಹುಮಟ್ಟಿಗೆ ಸಂಜೆ ಆರರಿಂದ ಎಂಟರ ನಡುವೆ, ಮನೆಯ ದಾರಿಯಲ್ಲಿ. ಹಸಿವು, ನಿಂತ ಆಯಾಸ ಎಂದುಕೊಂಡೆನು. ಆದರೆ ಕೆಂಪು ಹೆಚ್ಚಾಗಿ ಬಿದ್ದಿದ್ದ ದಿನಗಳಲ್ಲಿ ಮತ್ತೊಂದು ಸಂಗತಿಯನ್ನೂ ಬರೆದಿದ್ದೆನು: ಕಾಲೇಜಿನಲ್ಲಿ ಯಾರೋ ಮನೆಯ ವಿಚಾರ ಕೇಳಿದ ದಿನಗಳು ಅವು. ಆಗ ಜುಲೈ ತಿಂಗಳ ಆ ಸಂಜೆ ನೆನಪಿಗೆ ಬಂತು. ಆ ಸಂಜೆಯ ಹಿಂದಿನ ಮಧ್ಯಾಹ್ನವೂ ನೆನಪಿಗೆ ಬಂತು.

ಬೀಡಿ ಕಾರ್ಮಿಕರ ಮಕ್ಕಳಿಗೆ ಕೇಂದ್ರದ ಕಾರ್ಮಿಕ ಇಲಾಖೆಯಿಂದ ಒಂದು ವಿದ್ಯಾರ್ಥಿವೇತನ ಉಂಟು. ಅದರ ಅರ್ಜಿಗೆ ತಾಯಿಯ ಗುರುತಿನ ಚೀಟಿಯ ಪ್ರತಿ ಬೇಕು. ಆ ಮಧ್ಯಾಹ್ನ ನಾನು ಸಾಲಿನಲ್ಲಿ ನಿಂತು ಆ ಚೀಟಿಯನ್ನು ಹೊರತೆಗೆದಾಗ ಹಿಂದೆ ನಿಂತಿದ್ದ ಸಹಪಾಠಿಯೊಬ್ಬ ನಕ್ಕನು. ಅಷ್ಟರವರೆಗೆ, ಅಮ್ಮನಿಗೆ ಏನು ಕೆಲಸವೆಂದು ಯಾರಾದರೂ ಕೇಳಿದರೆ, "ಮನೆಯಲ್ಲೇ ಇರುತ್ತಾಳೆ" ಎಂದಷ್ಟೇ ನಾನು ಹೇಳುತ್ತ ಬಂದಿದ್ದೆನು.

ಬಸ್ಸು ಗುರುವಾಯನಕೆರೆಗೆ ಬಂದಾಗ ಮೊಬೈಲು ತೆರೆದು ಒಂದು ಶಬ್ದವನ್ನು ಆರಿಸಿದೆನು. ಜುಲೈಯ ಆ ಸಂಜೆಯದು ಸಿಟ್ಟಲ್ಲ, ನಾಚಿಕೆ. ಚೀಟಿ ತೋರಿಸಿದಾಗ ಆದ ನಾಚಿಕೆಯನ್ನು ನಾಲ್ಕು ಗಂಟೆ ಬಸ್ಸಿನಲ್ಲೂ ಮಳೆಯಲ್ಲೂ ಹೊತ್ತು ತಂದು ಅಮ್ಮನ ತಡ್ಪೆಯ ಮೇಲೆ ಸುರಿದಿದ್ದೆನು. ಆ ಚೀಟಿಯಿಂದ ಬರುವ ಹಣವನ್ನು ಬೇಡವೆನ್ನದೆ, ಆ ಚೀಟಿಯ ಹೆಸರಿನವಳನ್ನು ಮಾತ್ರ ಬೇಡವೆಂದಿದ್ದೆನು. ಈಗ ನಾಚಿಕೆಗೆ ಮತ್ತೊಂದು ಕಾರಣ ಹುಟ್ಟಿತು; ಅದು ಮೊದಲಿನದಕ್ಕಿಂತ ನ್ಯಾಯವಾದದ್ದು.

ಮೊದಲನೆಯ ಮೆಟ್ಟಿಲನ್ನೂ ಪರೀಕ್ಷಿಸಬೇಕೆನಿಸಿತು. "ಅವನು ನಕ್ಕನು" ಎಂಬುದು ನಡೆದದ್ದು. "ನನ್ನನ್ನು ನೋಡಿ ನಕ್ಕನು" ಎಂಬುದು ನನ್ನ ತೀರ್ಪು. ಕಾಲೇಜು ತೆರೆದ ಮೇಲೆ ಆ ಸಹಪಾಠಿಯನ್ನು ಕೇಳಿಯೇಬಿಟ್ಟೆನು. ಅವನು ಬಹಳ ಹೊತ್ತು ಯೋಚಿಸಿ, "ನಾನು ನಕ್ಕೆನಾ? ಯಾವಾಗ ಮಾರಾಯ?" ಎಂದನು. ಅವನಿಗೆ ಆ ದಿನವೇ ನೆನಪಿರಲಿಲ್ಲ. ಅವನು ನನ್ನನ್ನು ನೋಡಿ ನಕ್ಕನೋ ಇಲ್ಲವೋ ಇಂದಿಗೂ ತಿಳಿಯದು. ನಾನು ಮಾತ್ರ ಅವನ ಒಂದು ನಗುವಿಗೆ ಅಮ್ಮನಿಂದ ಬಡ್ಡಿ ಸಹಿತ ವಸೂಲಿ ಮಾಡಿದ್ದೆನು.

ಡಿಸೆಂಬರಿನ ಒಂದು ಶನಿವಾರ ರಾತ್ರಿ ಊಟವಾದ ಮೇಲೆ ಅಮ್ಮನ ಪಕ್ಕದಲ್ಲಿ ಕುಳಿತು ಬೀಡಿ ಎಣಿಸತೊಡಗಿದೆನು. ಎಷ್ಟೋ ವರ್ಷಗಳಾಗಿತ್ತು. ಎರಡು ಕಟ್ಟು ಸರಿಯಾಯಿತು. ಮೂರನೆಯದರಲ್ಲಿ ಇಪ್ಪತ್ತಾರು ಬಂತು. ಅವಳು ನೋಡಿ, ಏನೂ ಹೇಳದೆ ಒಂದನ್ನು ಹೊರತೆಗೆದಳು. ನಾಲ್ಕು ಮೆಟ್ಟಿಲುಗಳನ್ನು ಮರೆತು, ನಮ್ಮ ತುಳುವಿನಲ್ಲಿಯೇ, ಜುಲೈಯ ಆ ಮಧ್ಯಾಹ್ನ ನಡೆದದ್ದನ್ನೆಲ್ಲ ಹೇಳಿದೆನು. ಚೀಟಿಯ ವಿಷಯ, ನಗುವಿನ ವಿಷಯ, "ಮನೆಯಲ್ಲೇ ಇರುತ್ತಾಳೆ" ಎಂದು ಹೇಳುತ್ತ ಬಂದ ವಿಷಯ. "ನನಗೆ ನಾಚಿಕೆಯಾಗಿತ್ತು, ನಿನಗೆ ಬೈದೆ. ಅದು ತಪ್ಪು" ಎಂದೆನು.

ಅಮ್ಮನ ಬೆರಳುಗಳು ನಿಲ್ಲಲಿಲ್ಲ. "ನಾಚಿಕೆ ಆಗುವುದುಂಟು" ಎಂದಳು. "ನಾನು ನಿನ್ನ ಶಾಲೆಯ ಸಭೆಗೆ ಬರುವಾಗ ಕೈಗೆ ಎಷ್ಟು ಸಾಬೂನು ಹಾಕಿದರೂ ಹೊಗೆಸೊಪ್ಪಿನ ವಾಸನೆ ಹೋಗುತ್ತಿರಲಿಲ್ಲ. ಹಿಂದಿನ ಬೆಂಚಿನಲ್ಲಿ ಕುಳಿತುಕೊಳ್ಳುತ್ತಿದ್ದೆ."

ಇದು ನನಗೆ ತಿಳಿದಿರಲಿಲ್ಲ. ಅವಳು ಹಿಂದೆ ಕುಳಿತುಕೊಳ್ಳುತ್ತಿದ್ದುದು ನೆನಪಿತ್ತು; ಏಕೆಂದು ಕೇಳಿರಲಿಲ್ಲ.

"ಆ ದಿನ ನಿನಗೆ ಬೇಜಾರಾಯಿತಾ?" ಎಂದು ಕೇಳಿದೆನು.

"ಬೇಜಾರಾಗದೆ ಇರುತ್ತದಾ?"

"ಎಂಥ ಬೇಜಾರು?"

ಈ ಪ್ರಶ್ನೆಗೆ ಅವಳು ನಕ್ಕುಬಿಟ್ಟಳು. ಬೇಜಾರಿನಲ್ಲಿ ಬಗೆಗಳಿರುವುದನ್ನು ಅವಳು ಕೇಳಿದ್ದು ಅದೇ ಮೊದಲು. ಆದರೂ ಸ್ವಲ್ಪ ಯೋಚಿಸಿದಳು. ಆ ದಿನ ಬ್ರಾಂಚಿನಲ್ಲಿ ಅವಳ ಬೀಡಿಯಲ್ಲಿ ಒಂದು ಪಾಲನ್ನು ಸರಿಯಿಲ್ಲವೆಂದು ತೆಗೆದುಹಾಕಿದ್ದರಂತೆ, ಅದೊಂದು ಬೇಜಾರು. ಸಂಜೆ ಮಳೆ ಹೆಚ್ಚಾಯಿತು, ನದಿ ತುಂಬಿದೆಯೆಂದು ಪಕ್ಕದ ಮನೆಯವರು ಹೇಳಿದರು, ನನ್ನ ಮೊಬೈಲಿಗೆ ಕರೆ ಹೋಗಲಿಲ್ಲ. ಏಳು ಗಂಟೆಯಿಂದ ಅವಳು ಬಾಗಿಲ ಕಡೆ ನೋಡುತ್ತಲೇ ಇದ್ದಳು. "ನೀನು ಬಂದದ್ದು ಕಂಡು ಜೀವ ಬಂತು. ಅಷ್ಟರಲ್ಲಿ ನೀನು ಹಾಗೆ ಹೇಳಿದೆ. ಮತ್ತೆ ಕೇಳಿದರೆ ನಿನಗೆ ಕಿರಿಕಿರಿ ಎಂದು ಕೇಳುವುದು ಬಿಟ್ಟೆ. ಕೇಳದಿದ್ದರೂ ನೋಡುವುದು ಬಿಡಲಿಕ್ಕೆ ಆಗುತ್ತದಾ?"

"ಯಾಕೆ ತಡ?" ಎಂಬ ಎರಡು ಶಬ್ದಗಳೊಳಗೆ ನಡೆದ ಸಂಗತಿ, ದಿಗಿಲು, ಮಗ ಸುರಕ್ಷಿತವಾಗಿರಲಿ ಎಂಬ ಬಯಕೆ, ಇನ್ನು ಮೇಲೆ ಒಂದು ಮಾತು ತಿಳಿಸು ಎಂಬ ಕೋರಿಕೆ, ನಾಲ್ಕೂ ಇದ್ದುವು. ಅವಳ ಮಾತಿನಲ್ಲಿ ಕೊರತೆಯಿರಲಿಲ್ಲ, ಕೇಳುವವನ ಕಿವಿಯಲ್ಲಿತ್ತು. ಅಹಿಂಸೆಯ ಮಾತನ್ನು ಕಲಿಯಬೇಕೆಂದು ಹೊರಟ ನನಗೆ, ಅದರಲ್ಲಿ ಅರ್ಧಕ್ಕಿಂತ ಹೆಚ್ಚಿನ ಪಾಲು ಆಲಿಸುವುದೇ ಎಂಬುದು ಆ ರಾತ್ರಿ ಮನವರಿಕೆಯಾಯಿತು. ರೋಸೆನ್‌ಬರ್ಗ್ ಅವರೂ ಅದನ್ನೇ ಹೇಳಿದ್ದಾರಂತೆ; ನಾನು ಮೊದಲರ್ಧವನ್ನು ಮಾತ್ರ ಓದಿ ಪರೀಕ್ಷೆಗೆ ಕುಳಿತಿದ್ದೆನು.

ಅಷ್ಟು ಹೊತ್ತಿಗೆ ಮೊಬೈಲು ಸದ್ದು ಮಾಡಿತು. "ಏನಂತೆ ಅದಕ್ಕೆ?" ಎಂದು ಅಮ್ಮ ಕೇಳಿದಳು. "ಹೇಗಿದ್ದೀ ಎಂದು ಕೇಳುತ್ತದೆ" ಎಂದೆನು. "ಪಾಪ, ಅದಕ್ಕಾದರೂ ಸರಿಯಾಗಿ ಉತ್ತರ ಕೊಡುತ್ತಿಯಲ್ಲ" ಎಂದಳು.

ನಾನು ಆ್ಯಪನ್ನು ತೆಗೆದುಹಾಕಿಲ್ಲ. ಈಗಲೂ ದಿನಕ್ಕೊಮ್ಮೆ ಬರೆಯುತ್ತೇನೆ, ಇಂಗ್ಲಿಷು ಗುಳ್ಳೆಯ ಪಕ್ಕದಲ್ಲಿ ಕನ್ನಡದ ಹೆಸರನ್ನೂ ಹಾಕುತ್ತೇನೆ. ಸಿಟ್ಟು ಈಗಲೂ ಬರುತ್ತದೆ. ನರಿಯ ಭಾಷೆ ಬಾಯಿಂದ ಹೊರಬೀಳುವುದೂ ಉಂಟು. ಮೊನ್ನೆ ತಾನೆ ಬಸ್ಸಿನಲ್ಲಿ ಒಬ್ಬರ ಮೇಲೆ ರೇಗಿದೆನು. ಆದರೆ ಗೋಣಿಯನ್ನು ಮನೆಗೆ ಒಯ್ಯುವ ಮುಂಚೆ ವಗ್ಗದಿಂದ ಮನೆಯವರೆಗಿನ ಒಂದೂವರೆ ಮೈಲಿಯಲ್ಲಿ ಅದರ ಬಾಯಿ ಬಿಚ್ಚಿ ನೋಡುವ ಅಭ್ಯಾಸವಾಗಿದೆ. ಇನ್ನೊಂದು ಬದಲಾವಣೆಯೂ ಆಗಿದೆ. ಅಮ್ಮನಿಗೆ ಏನು ಕೆಲಸವೆಂದು ಯಾರಾದರೂ ಕೇಳಿದರೆ, ಬೀಡಿ ಕಟ್ಟುತ್ತಾಳೆ ಎಂದು ಹೇಳುತ್ತೇನೆ. ಈ ಸಂಚಿಕೆಯ ಮೂಲಕ ಇಡೀ ಕಾಲೇಜಿಗೇ ಹೇಳಿದಂತಾಯಿತು.

ಜನವರಿಯಲ್ಲಿ ಒಂದು ದಿನ ಬಸ್ಸು ಮಡಂತ್ಯಾರಿನಲ್ಲಿ ಕೆಟ್ಟು ನಿಂತಿತು. ಮೊಬೈಲಿನಲ್ಲಿ ಚಾರ್ಜು ಇರಲಿಲ್ಲ. ಮನೆಗೆ ಮುಟ್ಟುವಾಗ ಎಂಟು ಗಂಟೆ ದಾಟಿತ್ತು. ಅಂಗಳದ ದೀಪ ಉರಿಯುತ್ತಿತ್ತು. ಚಾವಡಿಯಲ್ಲಿ ಕತ್ತರಿಯ ಸದ್ದು ನಿಂತಿತು.

"ಯಾಕೆ ತಡ?" ಎಂದು ಅಮ್ಮ ಕೇಳಿದಳು.

ನಾನು ಚೀಲವನ್ನು ಕೆಳಗಿಟ್ಟು, ಅವಳ ಪಕ್ಕದಲ್ಲಿ ಕುಳಿತು, ಬಸ್ಸು ಕೆಟ್ಟ ಕಥೆಯನ್ನು ಮೊದಲಿನಿಂದ ಹೇಳತೊಡಗಿದೆನು.